ಐವತ್ತು ಕಿಲೋಮೀಟರು, ಎರಡಿಂಚು ಬಟ್ಟೆ

ನಾನು ಸೋತಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಯಲ್ಲಿ ಬೇರೆ ಥರದ ಸುದ್ದಿ ಓಡಾಡುತ್ತಿದೆ. (ಸುದ್ದಿಗೆ ತರಬೇತಿ ಬೇಕಿಲ್ಲ. ಅದು ನನಗಿಂತ ಚೆನ್ನಾಗಿ ಓಡುತ್ತದೆ.) ಐವತ್ತು ಕಿಲೋಮೀಟರ್ ಓಟವನ್ನು ನಾನು ನನ್ನ ಸ್ವಂತ ಕಾಲುಗಳ ಮೇಲೆ ಮುಗಿಸಿದ್ದೇನೆ. ಇವತ್ತು ನಮ್ಮ ಟೈಲರ್ ಅಂಗಡಿಯ ಮೂಲೆಯಲ್ಲಿ ಕುಳ್ಳ ಸ್ಟೂಲಿನ ಮೇಲೆ ಕೂತು ಹುಕ್ಕು ಹೊಲಿಯುತ್ತಿದ್ದೇನೆ ನಿಜ. ಅದಕ್ಕೂ ಈ ಓಟಕ್ಕೂ ಏನೇನೂ ಸಂಬಂಧವಿಲ್ಲ. ಸಂಬಂಧ ಇದೆ ಅನ್ನಿ, ಆದರೆ ಜನ ಅಂದುಕೊಂಡಿರುವ ಸಂಬಂಧ ಅಲ್ಲ.

ಇಪ್ಪತ್ತೆರಡು ವರ್ಷದಿಂದ ನಾನು ಈ ಅಂಗಡಿಯ ಕಟಿಂಗ್ ಮಾಸ್ಟರ್. ಟೇಪು ನನ್ನ ಕೊರಳಲ್ಲಿ, ಕತ್ತರಿ ನನ್ನ ಕೈಯಲ್ಲಿ. ಆ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಗುಂಡಿ, ಕಾಜಾ, ಹುಕ್ಕು, ಹೆಮ್ಮಿಂಗು ನನ್ನ ಹೆಂಡತಿಯ ಖಾತೆ. ವರ್ಷಕ್ಕೊಮ್ಮೆ ಅವಳು "ರೀ, ಇದೊಂದು ಪೀಸು ನಾನು ಕಟ್ ಮಾಡ್ಲಾ?" ಎಂದು ಕೇಳುವಳು. "ಬಟ್ಟೆ ಅಂದ್ರೆ ಏನು ತರಕಾರಿ ಅಂದ್ಕೊಂಡ್ಯಾ?" ಎಂದು ನಾನು ಹೇಳುವೆನು. ಹೀಗೆ ಸಂಸಾರ ಸುಗಮವಾಗಿ ಸಾಗುತ್ತಿತ್ತು.

ಎಡವಟ್ಟಾದದ್ದು ಪಿ.ಟಿ. ಮೇಷ್ಟ್ರಿಂದ. ಪಕ್ಕದ ಬೀದಿಯ ಶಾಲೆಯಲ್ಲಿ ಮಕ್ಕಳನ್ನು ಓಡಿಸುವ ಈ ಮಹನೀಯರು ತಮಗೊಂದು ಪ್ಯಾಂಟು ಹೊಲಿಸಲು ಬಂದರು. ಸೊಂಟದ ಅಳತೆ ತೆಗೆದೆ, ತೊಡೆಯದು ತೆಗೆದೆ, ಪಾದದ ಹತ್ತಿರದ್ದಕ್ಕೆ ಬಗ್ಗಿದೆ. ಪರ್ರ್ ಅಂತ ಒಂದು ಶಬ್ದವಾಯಿತು. ಹರಿದದ್ದು ನನ್ನ ಪ್ಯಾಂಟು. ಹರಿದದ್ದು ಹಿಂಭಾಗ. ಹೊಲಿದವನು ನಾನೇ.

ಮೇಷ್ಟ್ರು ಮರ್ಯಾದಸ್ಥರು, ಚಾವಣಿ ನೋಡಿದರು. ನನ್ನ ಹೆಂಡತಿ ಯಾರದೋ ಕೋಟಿನ ಲೈನಿಂಗ್ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಬಾಗಿಲ ಬಳಿಯ ಕುರ್ಚಿಯಲ್ಲಿ ದಿನವಿಡೀ ಕೂತು ಗಿರಾಕಿಗಳನ್ನು ವಿಚಾರಿಸಿಕೊಳ್ಳುವ ನನ್ನ ಅಮ್ಮ ಮಾತ್ರ ನೇರವಾಗಿ ಕೇಳಿದಳು: "ಏನೋ ಅದು, ಹರ್ಕೊಳ್ಳೋಕೆ ಗಿರಾಕಿ ಮುಂದೇನೇ ಬೇಕಿತ್ತಾ?"

"ಬೇಜಾರ್ ಮಾಡ್ಕೋಬೇಡಿ ಮಾಸ್ಟ್ರೇ," ಎಂದರು ಮೇಷ್ಟ್ರು. "ದಿನಾ ಸ್ವಲ್ಪ ನಡೆದಾಡಿ. ನಿಮ್ಮ ವಯಸ್ಸಿಗೆ ಓಟ ಗೀಟ ಬೇಡ."

ಆ 'ನಿಮ್ಮ ವಯಸ್ಸಿಗೆ' ಎಂಬುದು ಹರಿದ ಪ್ಯಾಂಟಿಗಿಂತ ಹೆಚ್ಚು ಚುಚ್ಚಿತು. "ನೀವು ಎಷ್ಟು ಓಡ್ತೀರಿ?" ಎಂದೆ, ಹಿಂಭಾಗವನ್ನು ಟೇಬಲ್ಲಿಗೆ ಒತ್ತಿಕೊಂಡು.

"ಐವತ್ತು ಕಿಲೋಮೀಟರ್. ಕೆರೆ ಸುತ್ತ ಹತ್ತು ಕಿಲೋಮೀಟರಿಂದು ಐದು ಸುತ್ತು. ಅಲ್ಟ್ರಾಮ್ಯಾರಥಾನ್ ಅಂತಾರೆ. ಮುಂದಿಂದು ಇನ್ನು ಎಂಟು ತಿಂಗಳಿಗೆ."

"ಅದನ್ನ ನಾನೂ ಓಡ್ತೀನಿ!"

"ಬಸ್ ಹಿಡಿಯೋಕೆ ಓಡಿದ್ದೇ ನಾನು ನೋಡಿಲ್ಲ," ಎಂದಳು ಹೆಂಡತಿ, ಲೈನಿಂಗ್ ಬಟ್ಟೆಯನ್ನು ಬಾಯಿಂದ ತೆಗೆದು.

ನನಗೆ ಎಲ್ಲಿತ್ತೋ ರೋಷ, ಕತ್ತರಿಯನ್ನು ತಲೆಯ ಮೇಲೆತ್ತಿ ಘೋರ ಪ್ರತಿಜ್ಞೆ ಮಾಡಿಬಿಟ್ಟೆ: "ಆ ಓಟ ನಾನು ಮುಗಿಸ್ದೇ ಹೋದ್ರೆ ಈ ಕತ್ತರಿ ನಿಂದು! ಜೀವಮಾನ ಪೂರ್ತಿ ಹುಕ್ಕು ಹೊಲೀತೀನಿ!"

ಅವಳ ನಗು ನಿಂತಿತು. ಕತ್ತರಿಯನ್ನೇ ನೋಡಿದಳು. ಲೈನಿಂಗ್ ಬಟ್ಟೆಯನ್ನು ನಿಧಾನವಾಗಿ ನಾಲ್ಕಾಗಿ ಮಡಚಿಟ್ಟು, "ಮೇಷ್ಟ್ರೇ, ನೀವೇ ಸಾಕ್ಷಿ," ಎಂದಳು.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ನಾನು ಹೊಲಿಯುವ ಪ್ರತಿ ಪ್ಯಾಂಟಿನ ಹಿಂಭಾಗದ ಹೊಲಿಗೆಯೊಳಗೆ, ಎರಡೂ ಮಗ್ಗುಲಲ್ಲಿ, ಎರಡೆರಡು ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತೇನೆ. ಗಿರಾಕಿ ದಪ್ಪಗಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಬಹುದು. ಬೇರೆ ಟೈಲರುಗಳು ಮುಕ್ಕಾಲು ಇಂಚು ಬಿಟ್ಟರೆ ಹೆಚ್ಚು. ಈ ಔದಾರ್ಯದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಮರುದಿನ ಬೆಳಗ್ಗೆ ಐದಕ್ಕೆ ತರಬೇತಿ ಶುರು. ಕಾಲಿಗೆ ಬುದ್ಧಿ ಹೇಳುವುದು ಎಂಬ ಮಾತನ್ನು ನಾನು ಕೇಳಿದ್ದೆ. ನನ್ನ ಕಾಲಿಗೆ ಎಷ್ಟು ಬುದ್ಧಿ ಹೇಳಿದರೂ ಅದರ ತಲೆಗೆ ಹತ್ತಲಿಲ್ಲ. ಬೇಕರಿಯವರೆಗೆ ಓಡಿದೆ, ಬೇಕರಿಯ ಮೆಟ್ಟಿಲ ಮೇಲೆ ಕೂತೆ. ಅಷ್ಟರಲ್ಲಿ ಹಿಂದಿನಿಂದ ಹೆಂಡತಿ ಓಡಿ ಬಂದಳು. "ಮನೆ ಬೀಗದ ಕೈ ಜೇಬಲ್ಲಿ ಹಾಕ್ಕೊಂಡು ಬಂದಿದ್ದೀರಲ್ರೀ!" ಎಂದು ಕಿತ್ತುಕೊಂಡು ಓಡಿ ಹೋದಳು. ಎರಡನೇ ದಿನ ಕನ್ನಡಕ ಮರೆತೆ, ಅವಳು ತಂದಳು. ಮೂರನೇ ದಿನ ನೀರು. ನಾಲ್ಕನೇ ದಿನ ನಾನು ಅವಳನ್ನು ವಿಧ್ಯುಕ್ತವಾಗಿ ನನ್ನ ಸಹಾಯಕ ಪಡೆಯಾಗಿ ನೇಮಿಸಿದೆ. ದೊಡ್ಡ ಓಟಗಾರರಿಗೆಲ್ಲ ಒಂದು ಪಡೆ ಇರುತ್ತದಂತೆ.

"ಮನೆ ಕೆಲಸ ಯಾರು ಮಾಡ್ತಾರೆ?" ಎಂದು ಅಮ್ಮ ಕೇಳಿದಳು.

"ಅಮ್ಮಾ, ಇದು ನನ್ನ ಮಾನದ ಪ್ರಶ್ನೆ!"

"ಬೆಳಗ್ಗೆ ಬೆಳಗ್ಗೆ ಅಟ್ಟಿಸ್ಕೊಂಡು ಬಂದೋರ ಥರ ಓಡ್ತೀಯಲ್ಲೋ. ಜನ ಏನಂದ್ಕೋತಾರೆ?" ಎಂದು ಗೊಣಗುತ್ತಲೇ ಒಲೆಯ ಉಸ್ತುವಾರಿ ವಹಿಸಿಕೊಂಡಳು.

ವಾರದ ಓಟವನ್ನು ವಾರಕ್ಕೆ ಹತ್ತು ಪರ್ಸೆಂಟ್ ಮಾತ್ರ ಹೆಚ್ಚಿಸಬೇಕು, ಒಮ್ಮೆಲೇ ಏರಿಸಿದರೆ ಮಂಡಿ ಹೋಗುತ್ತದೆ ಎಂದು ಮೇಷ್ಟ್ರು ಪಟ್ಟಿ ಬರೆದುಕೊಟ್ಟರು. ಹತ್ತು ಕಿಲೋಮೀಟರ್ ಹನ್ನೊಂದಾಯಿತು, ಹನ್ನೆರಡಾಯಿತು, ಇಪ್ಪತ್ತಾಯಿತು. ಶಿಸ್ತಿನ ಮನುಷ್ಯನಾದ ನಾನು ಊಟವನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸಿದೆ. ಗಾಡಿ ಓಡಬೇಕಾದರೆ ಪೆಟ್ರೋಲು ಬೇಡವೇ? ಓಡಿ ಬಂದ ಮಗನ ಮುಂದೆ ಅಮ್ಮ ಆರು ಬಾಳೆಹಣ್ಣು, ಬೆಣ್ಣೆ ಮೆತ್ತಿದ ಬ್ರೆಡ್ಡು, ಒಂದು ಚೆಂಬು ಹಾಲು ಇಡುತ್ತಿದ್ದಳು. ಹೆಂಡತಿ ನಿಂತುಕೊಂಡೇ ಏನೋ ಎರಡು ತುತ್ತು ತಿಂದು ಅಂಗಡಿಯ ಬಾಗಿಲು ತೆರೆಯಲು ಹೋಗುತ್ತಿದ್ದಳು.

ನನ್ನ ಪಡೆಯ ಬಗ್ಗೆ ಒಂದು ದೂರು ಇತ್ತು. ನಾನು ನೀರಿನ ಟ್ಯಾಂಕಿನ ತಿರುವಿಗೆ ತಲುಪುವಷ್ಟರಲ್ಲಿ ಅವಳು ಮುಂದೆ ಹೋಗಿ, ಬಾಟಲಿ ಹಿಡಿದು, ಬಸ್ಸಿಗೆ ಕಾಯುವವಳಂತೆ ನಿಂತಿರುತ್ತಿದ್ದಳು. ನಾನು ನೀರು ಕುಡಿಯುತ್ತಿರುವಾಗ "ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ, ಅತ್ತೆಗೆ ಮರೆತುಹೋಗುತ್ತೆ," ಎಂದು ಮನೆಗೆ ಓಡುವಳು. ನಾನು ಮುಂದಿನ ತಿರುವು ಮುಟ್ಟುವುದರೊಳಗೆ ಮತ್ತೆ ಹಾಜರು. ಒಂದು ದಿನವೂ ಏದುಸಿರು ಬಿಡಲಿಲ್ಲ. ಕೆಲಸದಲ್ಲಿ ಶ್ರದ್ಧೆ ಇರುವವರಿಗೆ ಏದುಸಿರು ಬಂದೇ ಬರುತ್ತದೆ, ಇವಳಿಗೆ ಶ್ರದ್ಧೆ ಸಾಲದು ಎಂದು ನಾನು ತೀರ್ಮಾನಿಸಿದ್ದೆ.

ತೂಕದ ಯಂತ್ರವನ್ನು ನಾನು ನಂಬುವುದಿಲ್ಲ. ನಾನು ಇಂಚಿನ ಮನುಷ್ಯ. ಹಾಗಂತ ತನ್ನ ಅಳತೆ ತಾನೇ ತೆಗೆದುಕೊಳ್ಳಬಾರದು, ಹೊಟ್ಟೆ ತಾನಾಗಿಯೇ ಒಳಗೆ ಹೋಗಿ ಸುಳ್ಳು ಹೇಳುತ್ತದೆ. ಆದ್ದರಿಂದ ಹರಿದಿದ್ದ ಆ ಕಪ್ಪು ಪ್ಯಾಂಟನ್ನೇ ನ್ಯಾಯಾಧೀಶನನ್ನಾಗಿ ಮಾಡಿಕೊಂಡೆ. ಹೆಂಡತಿ ಅದನ್ನು ರಿಪೇರಿ ಮಾಡಿದ್ದಳು. ತಿಂಗಳ ಮೊದಲ ಭಾನುವಾರ ಹಾಕಿಕೊಂಡು ನೋಡುವೆ. ಎರಡನೇ ತಿಂಗಳು ಉಸಿರು ಬಿಗಿಹಿಡಿಯದೆ ಗುಂಡಿ ಹಾಕಿದೆ. ನಾಲ್ಕನೇ ತಿಂಗಳು ಸೊಂಟದೊಳಗೆ ಎರಡು ಬೆರಳು ಹೋಯಿತು. ಏಳನೆಯದಕ್ಕೆ ನಾಲ್ಕು! ಅಂಗಡಿಯಲ್ಲಿ ಬಂದವರಿಗೆಲ್ಲ ಪ್ಯಾಂಟು ಎಳೆದು ತೋರಿಸಿದೆ. (ಕೆಲವು ಗಿರಾಕಿಗಳು ಆಮೇಲೆ ಬರಲಿಲ್ಲ.)

"ಕರಗ್ತಾ ಇದ್ದೀನಿ ಕಣೇ, ಬೆಣ್ಣೆ ಥರ," ಎಂದೆ.

"ಹೌದು ರೀ. ಈಗ ನಿಲ್ಲಿಸ್ಬಿಡ್ಬೇಡಿ ಮತ್ತೆ," ಎಂದಳು. ಅವಳು ಮೆಷಿನ್ ಮುಂದೆ ಕೂತು ಹೆಂಗಸರ ಉಡುಪೊಂದನ್ನು ಸೊಂಟದಲ್ಲಿ ಹಿಡಿದು ಚಿಕ್ಕದು ಮಾಡುತ್ತಿದ್ದಳು. ಭಾನುವಾರವೂ ಗಿರಾಕಿಯ ಕೆಲಸ ಮಾಡುತ್ತಾಳಲ್ಲ ಪಾಪ, ಎಂದುಕೊಂಡೆ.

ಓಟಕ್ಕೆ ಮೂರು ವಾರವಿದ್ದಾಗ ಮೇಷ್ಟ್ರು ನಿಯಮ ಹೇಳಿದರು. ಹೆಸರು ಕೊಟ್ಟು ಎದೆಗೆ ನಂಬರು ಕಟ್ಟಿಕೊಂಡವರಲ್ಲದೆ ಬೇರೆ ಯಾರೂ ಓಟದ ದಾರಿಗೆ ಇಳಿಯುವಂತಿಲ್ಲ. ಹತ್ತು ಗಂಟೆಯೊಳಗೆ ಮುಗಿಸಬೇಕು.

"ಹಾಗಾದ್ರೆ ನನ್ನ ನೀರು?" ಎಂದೆ.

"ನಾನೂ ಒಂದು ನಂಬರ್ ತಗೋತೀನಿ ಬಿಡಿ," ಎಂದಳು ಹೆಂಡತಿ, ಗುಂಡಿ ಹೊಲಿಯುತ್ತಾ, ತಲೆ ಎತ್ತದೆ. "ಬಾಟ್ಲಿ ಕೊಡೋಕೆ."

ನಾನು ಉದಾರವಾಗಿ ಒಪ್ಪಿಗೆ ಕೊಟ್ಟೆ.

ಓಟದ ದಿನ ಬೆಳಗ್ಗೆ ಐದಕ್ಕೆ ಕೆರೆಯ ಬಳಿ ಸೀಟಿ ಊದಿದರು. ಮೊದಲ ಸುತ್ತು ನಾನು ಸಿಂಹದಂತೆ ಓಡಿದೆ, ಎರಡನೆಯದು ಮನುಷ್ಯನಂತೆ. ಮೂರನೇ ಸುತ್ತಿನ ಮಧ್ಯದಲ್ಲಿ ಕಲ್ಲುಬೆಂಚೊಂದು ನನ್ನನ್ನು ಪ್ರೀತಿಯಿಂದ ಕರೆಯಿತು.

"ರೀ, ಸುಸ್ತಾಯ್ತಾ?"

"ಸುಸ್ತಲ್ಲ, ತಂತ್ರ."

"ಹಾಗಾದ್ರೆ ನೀವು ತಂತ್ರ ಮಾಡ್ತಿರಿ. ನಾನು ಒಂಚೂರು ಮುಂದೆ ಹೋಗಿ ಬರ್ಲಾ?"

"ಹೋಗು. ದೂರ ಹೋಗ್ಬೇಡ."

ಹೋದಳು. ನಾನು ಕಾಲು ತಿಕ್ಕಿಕೊಂಡೆ, ಎದ್ದೆ, ನಡೆದೆ, ಮತ್ತೆ ಕೂತೆ, ಮತ್ತೆ ಎದ್ದೆ. ಬಹಳ ಹೊತ್ತಾದ ಮೇಲೆ ಹಿಂದಿನಿಂದ ಪರಿಚಿತ ಹೆಜ್ಜೆ ಸದ್ದು ಕೇಳಿತು.

"ಮುಂದೆ ಹೋದವಳು ಹಿಂದಿನಿಂದ ಹೆಂಗೆ ಬಂದ್ಯೇ?"

"ಒಂದು ಸುತ್ತು ಆಯ್ತು ರೀ," ಎಂದು ಬಾಟಲಿಯನ್ನು ನನ್ನ ಕೈಗಿಟ್ಟು ಹೋದಳು. ಓಡುತ್ತಿದ್ದಳು. ಅವಳ ಬೆನ್ನನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ. ತೆಳ್ಳಗಿನ, ನೆಟ್ಟಗಿನ ಬೆನ್ನು. ಯಾರದೋ ಹೆಂಡತಿಯ ಬೆನ್ನು ಎನ್ನುವಷ್ಟು ಹೊಸದಾಗಿತ್ತು.

ಎಂಟು ಗಂಟೆ ಐವತ್ತು ನಿಮಿಷಕ್ಕೆ ಅವಳು ಮುಗಿಸಿದಳಂತೆ. ನನ್ನ ಹತ್ತು ಗಂಟೆ ಮುಗಿದಾಗ ನಾನು ಮೂವತ್ತೊಂಬತ್ತನೇ ಕಿಲೋಮೀಟರಿನಲ್ಲಿದ್ದೆ. ಒಂದು ವ್ಯಾನು ಬಂದು ಪಕ್ಕದಲ್ಲಿ ನಿಂತಿತು. "ಹತ್ತಿ ಅಂಕಲ್, ಟೈಮ್ ಮುಗೀತು," ಎಂದ ಡ್ರೈವರು. "ನಿನ್ನ ಟೈಮ್ ಮುಗಿದಿರಬಹುದು," ಎಂದೆ. ವ್ಯಾನಿನವರು ದಾರಿ ತೋರಿಸಲು ನೆಟ್ಟಿದ್ದ ಬಾವುಟಗಳನ್ನು ಕಿತ್ತುಕೊಂಡು ನನ್ನ ಹಿಂದೆ ಬರತೊಡಗಿದರು. ನಾನು ಹಲ್ಲು ಕಚ್ಚಿ ನಡೆದೆ. ಎಡಗಾಲಿಗೆ ಬೈದೆ, ಬಲಗಾಲಿಗೆ ಆಣೆ ಇಟ್ಟೆ. ಕಣ್ಣಲ್ಲಿ ನೀರು ಬಂತು, ಬರಲಿ ಎಂದೆ. ಸಂಜೆ ಐದೂ ಮುಕ್ಕಾಲಿಗೆ ಐವತ್ತನೇ ಕಿಲೋಮೀಟರ್ ಮುಟ್ಟಿದಾಗ ಓಟ ಮುಗಿಯುವಲ್ಲಿ ಗಾಳಿ ತುಂಬಿ ನಿಲ್ಲಿಸಿದ್ದ ರಬ್ಬರ್ ಕಮಾನಿನ ಗಾಳಿ ತೆಗೆದು ಮಡಚುತ್ತಿದ್ದರು. ಆ ರಬ್ಬರನ್ನು ತುಳಿದುಕೊಂಡೇ ದಾಟಿದೆ.

ಮೇಷ್ಟ್ರು, ಅಮ್ಮ, ಕೊರಳಲ್ಲಿ ಪದಕ ಹಾಕಿಕೊಂಡ ಹೆಂಡತಿ, ಮೂವರೂ ಕುರ್ಚಿಯಲ್ಲಿ ಕೂತಿದ್ದರು.

"ನಾನು ಮುಗಿಸ್ತೀನಿ ಅಂದಿದ್ದೆ. ಇಷ್ಟು ಹೊತ್ತಲ್ಲಿ ಅಂತ ಅಂದಿರ್ಲಿಲ್ಲ!" ಎಂದು ಕಿರುಚಿದೆ.

ಹೆಂಡತಿ ಎದ್ದು ಬಂದಳು. ನನ್ನ ತೋಳು ಹಿಡಿದುಕೊಂಡು, "ಹೌದು ರೀ, ಮುಗಿಸಿದ್ರಿ. ಕತ್ತರಿ ನಿಮ್ದೇ," ಎಂದಳು. ಗೆದ್ದೆ ನೋಡಿ!

ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಅದರ ಮರುದಿನವೂ ಇಲ್ಲ. ಗುರುವಾರಕ್ಕೆ ಮೇಷ್ಟ್ರ ಶಾಲೆಯ ಮಕ್ಕಳಿಗೆ ನಲವತ್ತು ಜೊತೆ ಆಟದ ಉಡುಪು ಕೊಡಬೇಕಿತ್ತು. ಅಂಗಡಿ ನಮ್ಮ ಮನೆಯ ಮುಂಭಾಗದಲ್ಲೇ ಇರುವುದರಿಂದ ಕತ್ತರಿಯ ಕಚಕಚ ಸದ್ದು ನನಗೆ ಹಾಸಿಗೆಯಲ್ಲೇ ಕೇಳುತ್ತಿತ್ತು. ಒಂದು ಸಲವೂ ತಡವರಿಸದ ಸದ್ದು. ನಲವತ್ತರಲ್ಲಿ ಒಂದೂ ವಾಪಸು ಬರಲಿಲ್ಲ.

ಒಂಬತ್ತನೇ ದಿನ ಗೋಡೆ ಹಿಡಿದುಕೊಂಡು ಅಂಗಡಿಗೆ ಹೋದೆ. "ನನ್ನ ಕತ್ತರಿ ಎಲ್ಲಿ?" ಎಂದು ಗುಡುಗಿದೆ.

"ಕೆಳಗಿನ ಹಲಗೆ ಮೇಲಿದೆ. ಬಗ್ಗಿ ತಗೊಳ್ಳಿ," ಎಂದಳು.

ಬಗ್ಗಲು ನೋಡಿದೆ. ಸೊಂಟ ಅರ್ಧದಲ್ಲೇ ಮುಷ್ಕರ ಹೂಡಿತು. ಅಮ್ಮ ಕಾಲಿನಿಂದ ಕುಳ್ಳ ಸ್ಟೂಲನ್ನು ನನ್ನತ್ತ ತಳ್ಳಿದಳು. ಅದರ ಮೇಲೆ ಬಿದ್ದೆ ಎನ್ನುವುದೇ ಸರಿ. ಹೆಂಡತಿ ಆ ಕಪ್ಪು ಪ್ಯಾಂಟನ್ನು ನನ್ನ ಮಡಿಲಿಗೆ ಹಾಕಿ, "ಸುಮ್ಮನೆ ಕೂತಿರೋ ಬದಲು ಇದರ ಹುಕ್ಕು ಹೊಲೀರಿ, ಕಿತ್ತುಹೋಗಿದೆ," ಎಂದಳು.

ಕಟಿಂಗ್ ಮಾಸ್ಟರು ಬಟ್ಟೆಯ ಹೊರಮೈ ನೋಡುತ್ತಾನೆ. ಒಳಮೈ ನೋಡುವವರು ಹುಕ್ಕು ಹೊಲಿಯುವವರು. ಪ್ಯಾಂಟನ್ನು ಒಳಹೊರಗು ಮಾಡಿದೆ. ಹಿಂಭಾಗದ ಹೊಲಿಗೆಯ ಪಕ್ಕ ಸೂಜಿ ತೂತುಗಳ ಸಾಲು. ಅದರ ಪಕ್ಕ ಇನ್ನೊಂದು ಸಾಲು. ಎಣಿಸಿದೆ: ಎಂಟು. ಎಂಟು ಸಲ ಬಿಚ್ಚಿ, ಎಂಟು ಸಲ ಕಾಲಿಂಚು ಕಾಲಿಂಚು ಅಗಲ ಮಾಡಿ ಹೊಲಿದ ಗುರುತು. ನನ್ನ ಔದಾರ್ಯದ ಎರಡಿಂಚು ಬಟ್ಟೆಯಲ್ಲಿ ಒಂದು ನೂಲೂ ಉಳಿದಿರಲಿಲ್ಲ.

"ನಾನು ಕರಗಲೇ ಇಲ್ವೇನೇ?"

ಅವಳು ಟೇಪು ತಂದು ನನ್ನ ಸೊಂಟಕ್ಕೆ ಸುತ್ತಿ ನೋಡಿದಳು. "ಒಂದಿಂಚು ಜಾಸ್ತಿ ಆಗಿದ್ದೀರಿ."

"ಮತ್ತೆ ಎಂಟು ತಿಂಗಳು ಯಾಕೆ ನನ್ನನ್ನ ಮಂಗ ಮಾಡ್ದೆ?"

ಟೇಪನ್ನು ತನ್ನ ಕೊರಳಿಗೆ ಹಾಕಿಕೊಂಡಳು. "ಪ್ಯಾಂಟು ಬಿಗಿಯಾಗಿದ್ರೆ ನೀವು ಎರಡನೇ ತಿಂಗಳೇ ಬಿಟ್ಬಿಡ್ತಿದ್ರಿ. ನೀವು ಬಿಟ್ಟಿದ್ರೆ ನಾನು ಯಾವ ನೆಪ ಹೇಳಿ ಮನೆಯಿಂದ ಹೊರಡ್ಲಿ? ಇಪ್ಪತ್ತೆರಡು ವರ್ಷದಲ್ಲಿ ಬೆಳಗ್ಗೆ ನಂದು ಅಂತ ಒಂದು ಗಂಟೆ ಸಿಕ್ಕಿದ್ದು ನಿಮ್ಮ ಹೊಟ್ಟೆಯಿಂದ ರೀ. ಅದನ್ನ ಹೆಂಗೆ ಕಳ್ಕೊಳ್ಳಲಿ?"

ನನಗೆ ನಾಚಿಕೆಯಾಯಿತು. ಅಳುವೂ ಬಂತು ಅಂತಲೇ ಬರೆಯುತ್ತೇನೆ, ಏನೀಗ? ಕಾಲುನೋವಿನದು ಎಂದು ಅವಳಿಗೆ ಹೇಳಿದೆ.

"ಮುಂದಿನ ಓಟ ಎಪ್ಪತ್ತೈದು ಕಿಲೋಮೀಟರಿಂದು," ಎಂದಳು ಅವಳು, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ. "ನನಗೆ ಬಾಟ್ಲಿ ಹಿಡಿಯೋಕೆ ಒಬ್ರು ಬೇಕು."

"ಬಾಟ್ಲಿ ಹಿಡಿಯೋದಾ? ನಾನಾ?" ಎಂದು ಸ್ಟೂಲಿನಿಂದ ಅರ್ಧ ಎದ್ದೆ. "ನಾನೂ ಓಡ್ತೀನಿ! ಎಪ್ಪತ್ತೈದನ್ನೂ ಮುಗಿಸ್ತೀನಿ! ಮುಗಿಸ್ದೇ ಹೋದ್ರೆ..."

ಕೈ ತಲೆಯ ಮೇಲೆ ಎತ್ತಿಯಾಗಿತ್ತು. ಪಣಕ್ಕಿಡಲು ಕೈಯಲ್ಲೇನಿದೆ ಎಂದು ನೋಡಿದೆ. ಒಂದು ಸೂಜಿ.

"ಕತ್ತರಿ ಹೋಯ್ತು," ಎಂದಳು ಅಮ್ಮ ಬಾಗಿಲ ಬಳಿಯ ಕುರ್ಚಿಯಿಂದ. "ಅದನ್ನಾದ್ರೂ ಉಳಿಸ್ಕೊಳ್ಳೋ."