ಪರದೆಯೊಳಗಿನ ಲೋಲಕಕ್ಕೆ ಲ್ಯಾಬ್ ಅಕ್ಕನ ಅಹವಾಲು

ಧೂಳು, ದಾರ, ಗಂಟುಗಳ ಜಂಜಾಟದಿಂದ ಮುಕ್ತರೂ, ಒಂಬತ್ತನೇ ತರಗತಿಯ ಕಂಪ್ಯೂಟರ್ ಪರದೆಯಲ್ಲಿ ನಿತ್ಯ ತೂಗುತ್ತಿರುವವರೂ ಆದ ಲೋಲಕ ಮಹಾಶಯರಿಗೆ, ಅದೇ ಶಾಲೆಯ ಪ್ರಯೋಗಾಲಯದ ಸಹಾಯಕಿಯ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ, ತಮಗೆ ಆಗುವಂಥದ್ದು ಏನೂ ಇಲ್ಲ. ನಾನು ಮಾತ್ರ ಕ್ಷೇಮವಾಗಿಲ್ಲ. ತಾವು ದಯಮಾಡಿಸಿದ ಮೇಲೆ ಪ್ರಯೋಗಾಲಯವೇ ದಂಡವೆಂದು ಮುಖ್ಯೋಪಾಧ್ಯಾಯರಿಗೆ ಜ್ಞಾನೋದಯವಾಗಿ, ಹದಿನೆಂಟು ವರ್ಷ ನಾನು ಒರೆಸಿ ಒರೆಸಿ ಇಟ್ಟ ಸ್ಟ್ಯಾಂಡು, ಗುಂಡು, ಸ್ಟಾಪ್‌ವಾಚುಗಳನ್ನು ಈ ಶನಿವಾರ ಗುಜರಿಗೆ ಹಾಕುವುದೆಂದೂ, ನನ್ನನ್ನು ಕಚೇರಿಯಲ್ಲಿ ಹಳೆಯ ಕಡತ ಜೋಡಿಸಲು ಕೂರಿಸುವುದೆಂದೂ ತೀರ್ಮಾನವಾಗಿದೆ.

ತಮ್ಮ ಮೇಲೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ತಾವು ಚಂದ್ರನ ಮೇಲೆ ನಿಧಾನವಾಗಿ ತೂಗಿದ ದಿನ ನಾನೂ ಬಾಗಿಲಲ್ಲಿ ಕಸಬರಿಗೆ ಹಿಡಿದು ಬಾಯಿ ಬಿಟ್ಟುಕೊಂಡು ನೋಡಿದೆ. ನನ್ನ ಬೀರುವಿನಲ್ಲಿ ಚಂದ್ರನಿಲ್ಲ, ಒಪ್ಪಿಕೊಂಡೆ.

ಆದರೆ ತಾವು ಎಣಿಕೆಯನ್ನೂ ತಾವೇ ಮಾಡಿ, ಭೂಮಿಯ ಸೆಳೆತ ಒಂಬತ್ತು ಪಾಯಿಂಟ್ ಎಂಟು ಎಂದು ಥಟ್ಟನೆ ಹೇಳಿಬಿಡುತ್ತೀರಲ್ಲ, ನನ್ನ ತಕರಾರು ಅಲ್ಲಿದೆ. ನಮ್ಮಲ್ಲಿ ಪ್ರತಿ ವರ್ಷ ಪ್ರತಿ ಮಗುವೂ ಗುಂಡನ್ನು ಕೈಬಿಡುವಾಗಲೇ ‘ಒಂದು’ ಎನ್ನುತ್ತದೆ. ಅದು ಹೋಗಿ ವಾಪಸು ಬಂದ ಮೇಲಲ್ಲವೇ ಒಂದು? ಹೀಗೆ ಅವರ ಇಪ್ಪತ್ತು ತೂಗಾಟ ನಿಜಕ್ಕೂ ಹತ್ತೊಂಬತ್ತಾಗಿ, ಉತ್ತರ ಹತ್ತು ಪಾಯಿಂಟ್ ಎಂಟಕ್ಕೆ ಹೋಗಿ ಕೂರುತ್ತದೆ. ಹೋದ ವರ್ಷ ಕನ್ನಡಕದ ಹುಡುಗಿಯೊಬ್ಬಳು ನಾಲ್ಕು ಸಲ ಮಾಡಿ, ನಾಲ್ಕು ಸಲವೂ ಅದೇ ಬಂದು, “ಅಕ್ಕಾ, ನಮ್ ಸ್ಕೂಲಲ್ಲಿ ಭೂಮಿ ಜಾಸ್ತಿ ಎಳೆಯುತ್ತೆ” ಎಂದು ಘೋಷಿಸಿ ಮನೆಗೆ ಹೋದಳು. ತಪ್ಪೆಲ್ಲೆಂದು ನಾನು ಹೇಳಿಕೊಡಲಿಲ್ಲ. ಮರುದಿನ ಬೆಲ್ಲಿಗೂ ಮುಂಚೆ ಏದುಸಿರು ಬಿಡುತ್ತಾ ಬಂದು, “ಸೊನ್ನೆಯಿಂದ ಎಣಿಸ್ಬೇಕಿತ್ತಲ್ಲಕ್ಕಾ” ಎಂದಾಗ ಅವಳ ಮುಖ ನೋಡಬೇಕಿತ್ತು. ಆ ಮುಖಕ್ಕಾಗಿಯೇ ನಾನು ಇಷ್ಟು ವರ್ಷ ದಾರಕ್ಕೆ ಗಂಟು ಹಾಕಿದ್ದು. ಈ ವರ್ಷದ ಮಕ್ಕಳಲ್ಲಿ ಅದನ್ನು ನಾನಿನ್ನೂ ಕಂಡಿಲ್ಲ, ಸಂಕಟವಾಗುತ್ತದೆ.

ಆದಕಾರಣ ಸನ್ನಿಧಾನದಲ್ಲಿ ಬಿನ್ನಹವೇನೆಂದರೆ, ತಾವು ವಾರಕ್ಕೊಮ್ಮೆಯಾದರೂ ಫ್ಯಾನಿನ ಗಾಳಿಗೆ ಅಡ್ಡಾದಿಡ್ಡಿ ತೂಗಬೇಕು. ಹದಿಮೂರರ ಹತ್ತಿರ ಯಾರಾದರೂ ಸೀನಿದರೆ ಲೆಕ್ಕ ಮರೆಯಬೇಕು. ಸಾಧ್ಯವಾದರೆ ದಾರ ಕಡಿದುಕೊಂಡು ಮುಂದಿನ ಬೆಂಚಿನವರ ಕಾಲ ಮೇಲೆ ಬೀಳಬೇಕು. ಇದ್ಯಾವುದೂ ಆಗದಿದ್ದಲ್ಲಿ, ಚಂದ್ರನನ್ನು ತಾವೇ ಇಟ್ಟುಕೊಂಡು, ಭೂಮಿಯನ್ನು ನಮಗೆ ಬಿಟ್ಟುಕೊಡಬೇಕು.

ತಮ್ಮ ದಾರ ನೂರ್ಕಾಲ ಬಾಳಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಲ್ಯಾಬ್ ಅಕ್ಕ

ತಾ.ಕ.: ಇಂದು ಶನಿವಾರ. ಗುಜರಿ ಪಟ್ಟಿ ಹಿಡಿದು ಬಂದ ಮುಖ್ಯೋಪಾಧ್ಯಾಯರಿಗೆ, “ಕೊನೇದಾಗಿ ಒಂದ್ಸಲ ತೂಗಿ ನೋಡಿ ಸರ್” ಎಂದೆ. ಅವರು ಗಂಭೀರವಾಗಿ ಗುಂಡು ಬಿಟ್ಟು, ಗಟ್ಟಿಯಾಗಿ ‘ಒಂದು’ ಎಂದರು. ಹತ್ತು ಪಾಯಿಂಟ್ ಎಂಟು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಮೊದಲು ದಾರ ಸರಿಯಿಲ್ಲವೆಂದರು, ಆಮೇಲೆ ವಾಚು. ಐದನೇ ಸಲಕ್ಕೆ ಅಂಗಿಯ ತೋಳು ಮಡಚಿದರು. ಗುಜರಿಯವನು ಗೇಟಿನಲ್ಲಿ ಕಾದು ಕಾದು ಹೊರಟುಹೋದ. ಮುಖ್ಯೋಪಾಧ್ಯಾಯರು ಸೋಮವಾರ ಮತ್ತೆ ಬರುತ್ತಾರಂತೆ, ಪಟ್ಟಿ ಇಲ್ಲದೆ. ಸೊನ್ನೆಯ ವಿಷಯ ತಮಗೆ ಗೊತ್ತಿದೆ. ದಯವಿಟ್ಟು ಅವರಿಗೆ ಹೇಳಿಕೊಡಬೇಡಿ.