ಮತ್ರಾದ ಬಾಡಿಗೆ ಮನೆ ಮತ್ತು ನನ್ನ ಮರ್ಯಾದೆ

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಕಾಯಿಲೆ ಇರುತ್ತದೆ. ಬಾಯಲ್ಲಿ ಬರುವ ಮಾತಿಗೂ ಮನಸ್ಸಿನಲ್ಲಿರುವುದಕ್ಕೂ ಸಂಬಂಧವೇ ಇರುವುದಿಲ್ಲ. ಇದನ್ನು ನಾವು ಸುಳ್ಳು ಅನ್ನುವುದಿಲ್ಲ, ಮರ್ಯಾದೆ ಅನ್ನುತ್ತೇವೆ. ಮನೆಗೆ ಬಂದವರು ಎದ್ದು ನಿಂತರೆ ಸಾಕು, "ಅಯ್ಯೋ, ಇದೇನು ಇಷ್ಟು ಬೇಗ ಹೊರಟುಬಿಟ್ರಿ, ಊಟ ಮಾಡಿಕೊಂಡೇ ಹೋಗಬೇಕು" ಅಂತ ಕೈ ಹಿಡಿದು ಎಳೆಯುತ್ತೇವೆ. ಒಳಗೆ ಅಕ್ಕಿ ಕೂಡ ತೊಳೆದಿರುವುದಿಲ್ಲ. ಬಂದವರೂ ಮೈಸೂರಿನವರೇ ಆದ್ದರಿಂದ "ಇನ್ನೊಂದು ದಿನ ಬಂದೇ ಬರ್ತೀವಿ" ಅನ್ನುತ್ತ ಚಪ್ಪಲಿ ಮೆಟ್ಟುತ್ತಾರೆ. ಅವರು ಬರುವುದಿಲ್ಲ, ನಾವು ಕಾಯುವುದೂ ಇಲ್ಲ. ಆಟದ ನಿಯಮ ಎರಡೂ ಕಡೆಯವರಿಗೆ ಗೊತ್ತಿರುವ ತನಕ ಯಾರಿಗೂ ನಷ್ಟವಿಲ್ಲ. ನಾನು ಈ ಕಾಯಿಲೆಯನ್ನು ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆ ಒಮಾನಿಗೂ ತಂದೆ. ಹದಿನಾರು ವರ್ಷವಾದರೂ ವಾಸಿಯಾಗಿಲ್ಲ. ಹೋದ ವರ್ಷ ಅದು ನನ್ನ ಹೆಂಡತಿಯ ತಲೆಯ ಮೇಲೆ ಬಂತು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಕೂತುಕೊಳ್ಳಿ. ಕಾಫಿ ಬೇಕಾ ಅಂತ ಮಾತ್ರ ಕೇಳುವುದಿಲ್ಲ.

ನನ್ನ ಹೆಂಡತಿ ವನಜಾ ಹಾಡುತ್ತಾಳೆ. ಹಾಡುತ್ತಿದ್ದಳು ಅನ್ನುವುದು ಸರಿ. ಮದುವೆಗೆ ಮುಂಚೆ ಸಂಗೀತದಲ್ಲಿ ಸೀನಿಯರ್ ಪಾಸು ಮಾಡಿದ್ದಳು. ನಮ್ಮ ಮಾವ ಹೆಣ್ಣು ತೋರಿಸುವಾಗ ಅವಳಿಂದ ಎರಡು ಕೀರ್ತನೆ ಹಾಡಿಸಿದರು. ನಾನು "ಮುಂದೆ ವಿದ್ವತ್ತೂ ಮಾಡಿಸೋಣ, ಅದಕ್ಕೇನಂತೆ" ಅಂತ ಅಲ್ಲೇ ಕೂತು ಮಾತು ಕೊಟ್ಟೆ. ಅದೂ ಮರ್ಯಾದೆಯ ಮಾತೇ ಅಂತ ಅವಳಿಗೆ ಆಗ ಗೊತ್ತಾಗಲಿಲ್ಲ. ಆಮೇಲೆ ಮಸ್ಕತ್ತು ಬಂತು, ಅಲ್ ಗುಬ್ರಾದ ಮೂರನೇ ಮಹಡಿಯ ಫ್ಲ್ಯಾಟು ಬಂತು. ಆ ಫ್ಲ್ಯಾಟಿನ ಗೋಡೆ ಎಷ್ಟು ತೆಳು ಅಂದರೆ ಪಕ್ಕದ ಮನೆಯವರು ಒಗ್ಗರಣೆಗೆ ಸಾಸಿವೆ ಹಾಕಿದರೆ ನಮಗೆ ಕೇಳುತ್ತಿತ್ತು. ವನಜಾ ಶ್ರುತಿಪೆಟ್ಟಿಗೆ ಹಾಕಿ 'ಸಾ' ಅನ್ನುವಷ್ಟರಲ್ಲಿ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಾರಸಿ ಕುಟ್ಟುತ್ತಿದ್ದರು. ಅವರು ಕೆಟ್ಟವರಲ್ಲ, ಅವರ ಮಗನಿಗೆ ಸದಾ ಏನಾದರೊಂದು ಪರೀಕ್ಷೆ ಇರುತ್ತಿತ್ತು. ಶ್ರುತಿಪೆಟ್ಟಿಗೆ ಬೀರು ಸೇರಿತು. ನಲವತ್ತೆಂಟು ತುಂಬಿದ ದಿನ ವನಜಾ, "ಬರೋ ವರ್ಷ ವಿದ್ವತ್ ಪರೀಕ್ಷೆಗೆ ಕೂರ್ತೀನಿ. ಬಾಯಿ ಬಿಟ್ಟು ಹಾಡೋಕೆ ನನಗೊಂದು ಕೋಣೆ ಬೇಕು. ಇಷ್ಟು ವರ್ಷದಲ್ಲಿ ನಿಮ್ಮನ್ನ ಬೇರೇನೂ ಕೇಳಿಲ್ಲ" ಅಂದಳು. ನಿಜ, ಕೇಳಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಆಫೀಸಿಗೆ ಯಾನ್ ಅನ್ನುವ ಡಚ್ ಎಂಜಿನಿಯರ್ ಬಂದಿದ್ದ. ಅವನ ಊರಿನಲ್ಲಿ ಕಾಲುವೆ ಪಕ್ಕದ ಮುನ್ನೂರು ವರ್ಷ ಹಳೆಯ ಬೀದಿಯಲ್ಲಿ ಬಾಡಿಗೆಗಿದ್ದನಂತೆ. ಊಟದ ಬಿಡುವಿನಲ್ಲಿ ಫೋನಿನಲ್ಲಿ ಫೋಟೋ ತೋರಿಸುತ್ತಿದ್ದ. ಇಟ್ಟಿಗೆಯ ಮನೆ, ಪರದೆಯಿಲ್ಲದ ಕಿಟಕಿ, ಒಂದು ನರಪಿಳ್ಳೆಯೂ ಇಲ್ಲದ ರಸ್ತೆ. "ಹಳೇ ಗೋಡೆ ಒಂದು ಮೊಳ ದಪ್ಪ ಇರುತ್ತೆ, ಏನೂ ಕೇಳಿಸಲ್ಲ" ಅಂದ. ನನ್ನ ತಲೆಯಲ್ಲಿ ಹಳೇ ಮನೆಯ ಹುಳ ಬಿಟ್ಟವನು ಅವನೇ. ಅವನ ಮನೆ ಮಾಲೀಕ ಒಂದು ಸಲ, ನನ್ನ ಸೈಕಲ್ಲನ್ನು ನಿನ್ನ ಹಜಾರದಲ್ಲಿ ಇಟ್ಟುಕೊಳ್ಳಲೇ ಅಂತ ಕೇಳಿದನಂತೆ. "ನೀನೇನಂದೆ?" ಅಂತ ಕೇಳಿದೆ. "ಬೇಡ ಅಂದೆ." "ಆಮೇಲೆ?" "ಆಮೇಲೇನು, ಸೈಕಲ್ ತಗೊಂಡು ಹೋದ." "ಬೇಜಾರು ಮಾಡಿಕೊಳ್ಳಲಿಲ್ವಾ?" ಯಾನ್ ನನ್ನನ್ನು ಒಂದು ಥರಾ ನೋಡಿದ. ಸೈಕಲ್ಲಿಗೂ ಬೇಜಾರಿಗೂ ಏನು ಸಂಬಂಧ ಅಂತ ಅವನಿಗೆ ಅರ್ಥವೇ ಆಗಲಿಲ್ಲ. ಎಂಥ ಒರಟು ಜನ ಅಂತ ನಾನು ಮನೆಗೆ ಬಂದು ವನಜಾಳ ಹತ್ತಿರ ಹೇಳಿ ನಕ್ಕೆ. ಅವಳು ನಗಲಿಲ್ಲ.

ಮನೆ ಹುಡುಕಿಕೊಟ್ಟವರು ಹಮೀದ್ ಬ್ಯಾರಿಗಳು. ಉಳ್ಳಾಲದ ಕಡೆಯವರು, ಮಸ್ಕತ್ತಿನ ಹಳೇ ಬಂದರು ಮತ್ರಾದ ಸೂಕ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಮೂವತ್ತು ವರ್ಷವಾಗಿದೆ. "ನಿಮಗೆ ಎಂತಕ್ಕೆ ಮಾರಾಯ್ರೆ ಈ ಹಳೆ ಮನೆ? ಕಾರು ಬಾಗಿಲಿಗೆ ಬರುದಿಲ್ಲ, ಸಿಲಿಂಡರ್ ಹೊತ್ತು ಮೇಲೆ ಹೋಗ್ಬೇಕು" ಅಂತ ಬೈಯುತ್ತಲೇ ಕರೆದುಕೊಂಡು ಹೋದರು. ಸೂಕ್‌ನ ಹಿಂದೆ ಓಣಿ, ಓಣಿಯ ಹಿಂದೆ ಇನ್ನೂ ಸಣ್ಣ ಓಣಿ, ಅಲ್ಲಿಂದ ಇಪ್ಪತ್ತೆರಡು ಮೆಟ್ಟಿಲು. ಮೇಲೆ ಬಿಳಿ ಸುಣ್ಣದ ಮನೆ, ಕೆತ್ತನೆಯ ಮರದ ಬಾಗಿಲು. ಬೆಕ್ಕುಗಳನ್ನು ಬಿಟ್ಟರೆ ಸದ್ದಿಲ್ಲ. ಬಾಗಿಲು ತೆಗೆದ ಕೂಡಲೇ ಮಜ್ಲಿಸ್ಸು, ಅಂದರೆ ಬಂದವರು ಕೂರುವ ಮುಂದಿನ ಕೋಣೆ. ಎತ್ತರದ ಮಾಳಿಗೆ, ದಪ್ಪ ಗೋಡೆ. ವನಜಾ ನಡುವೆ ನಿಂತು ಮೆಲ್ಲಗೆ ಒಂದು ಸ್ವರ ಹಿಡಿದಳು. ಕೋಣೆ ಅದನ್ನು ಹಿಡಿದುಕೊಂಡು ಎರಡು ಕ್ಷಣ ಬಿಟ್ಟು ವಾಪಸು ಕೊಟ್ಟಿತು. ಅವಳ ಮುಖ ನೋಡಬೇಕಿತ್ತು ನೀವು. ಹಮೀದ್ ಬ್ಯಾರಿಗಳು ಕೂಡ ಸಿಲಿಂಡರ್ ವಿಷಯ ಮರೆತು, "ಸಾಕು, ಇದನ್ನೇ ತಕೊಳ್ಳಿ" ಅಂದರು.

ಮಾಲೀಕ ಸಯೀದ್ ಊರಾಚೆಯ ಹೊಸ ವಿಲ್ಲಾಕ್ಕೆ ಹೋಗಿದ್ದ. ಅವನ ತಂದೆ, ಎಲ್ಲರೂ ಹಾಜಿ ಅಂತ ಕರೆಯುವ ಮುದುಕರು, ಕೆಳಗಿನ ಓಣಿಯಲ್ಲಿ ಮಗಳ ಮನೆಯಲ್ಲಿದ್ದರು. ಕಾಗದಕ್ಕೆ ಸಹಿ ಹಾಕುವ ದಿನ ಇಬ್ಬರೂ ಬಂದರು. ಖರ್ಜೂರ, ಕಹ್ವಾ ಅನ್ನುವ ಅರಬ್ಬಿ ಕಾಫಿ ಆಯಿತು. ಹಾಜಿ ಹಿಂದೆ ಬೊಂಬಾಯಿಯ ಹಡಗುಗಳ ಜೊತೆ ವ್ಯಾಪಾರ ಮಾಡಿದವರಾದ್ದರಿಂದ ಹಿಂದಿ ಚೆನ್ನಾಗಿ ಆಡುತ್ತಿದ್ದರು. ಎದೆಯ ಮೇಲೆ ಕೈಯಿಟ್ಟು, "ಇನ್ನು ಇದು ನಿಮ್ಮದೇ ಮನೆ" ಅಂದರು. ಇಲ್ಲಿಗೆ ಬಿಡಬೇಕೋ ಬೇಡವೋ? ಯಾನ್ ಆಗಿದ್ದರೆ 'ಥ್ಯಾಂಕ್ಸ್' ಅಂದು ಬೀಗದ ಕೈ ಜೇಬಿಗೆ ಹಾಕುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಛೆ ಛೆ, ಉಂಟೇ! ನಾವು ಎಷ್ಟಾದರೂ ಬಾಡಿಗೆಯವರು, ಇದು ಎಂದಿಗೂ ನಿಮ್ಮದೇ ಮನೆ. ನೀವು ದಿನಾ ಬಂದು ಇಲ್ಲೇ ಕೂರಬೇಕು. ನಿಮ್ಮ ಸ್ನೇಹಿತರನ್ನೂ ಕರೆದುಕೊಂಡು ಬನ್ನಿ. ಬರದೇ ಇದ್ದರೆ ನನಗೆ ತುಂಬಾ ಬೇಜಾರಾಗುತ್ತೆ, ನೋಡಿ" ಅಂದುಬಿಟ್ಟೆ. ಮೈಸೂರಿನಲ್ಲಿ ಈ ಮಾತಿನ ಅರ್ಥ, ಇನ್ನು ಯಾವುದಾದರೂ ಮದುವೆಯಲ್ಲಿ ಸಿಗೋಣ ಅಂತ. ಹಾಜಿಯ ಕಣ್ಣು ಒದ್ದೆಯಾಯಿತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೊರಗೆ ಬಂದ ಮೇಲೆ ಹಮೀದ್ ಬ್ಯಾರಿಗಳು ತಲೆ ಚಚ್ಚಿಕೊಂಡು, "ಎಂತ ಮಾಡಿದ್ರಿ ಮಾರಾಯ್ರೆ ನೀವು! ಇಲ್ಲಿ ಕರೆದ್ರೆ ಬರ್ತಾರೆ" ಅಂದರು.

ಬಂದರು. ಸಾಮಾನು ಬಿಚ್ಚಿದ ಮಾರನೇ ದಿನ, ಮಧ್ಯಾಹ್ನದ ಅಸರ್ ನಮಾಜು ಮುಗಿದ ಕೂಡಲೇ ಹಾಜಿ, ಅವರ ಹಿಂದೆ ಇಬ್ಬರು ಮುದುಕರು. ಸಂಜೆ ಮಗ್ರಿಬ್‌ನ ಬಾಂಗ್ ಆಗುವ ತನಕ ಕೂತರು. ವನಜಾ ಬೆಳಿಗ್ಗೆ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಮನೆಗೆ ಬಂದು ಊಟ ಮುಗಿಸಿ, ಅವಳಿಗೆ ಅಂತ ಸಿಗುವ ಹೊತ್ತು ಅದೊಂದೇ. ಮೊದಲ ವಾರ ನಾವಿಬ್ಬರೂ ಹೊಸ ಉತ್ಸಾಹ, ಇಳಿಯುತ್ತೆ ಅಂದುಕೊಂಡೆವು. ಎರಡನೇ ತಿಂಗಳಿಗೆ ಮೂವರು ಐವರಾದರು. ಪಾಪ, ಬಹಳ ಸಭ್ಯರು. ಬರುವಾಗ ಒಂದು ದಿನ ಮೀನು, ಒಂದು ದಿನ ಹಲ್ವಾ ತರುತ್ತಿದ್ದರು. ನಾವು ಮೀನು ತಿನ್ನುವುದಿಲ್ಲ ಅಂತ ಹೇಳುವುದು ಚೆನ್ನಾಗಿರುವುದಿಲ್ಲವಲ್ಲ, ಅದಕ್ಕೆ ನಾನು ಎರಡು ಕೈಯಲ್ಲಿ ಇಸಿದುಕೊಂಡು, ಕತ್ತಲಾದ ಮೇಲೆ ಓಣಿಯ ಬೆಕ್ಕುಗಳಿಗೆ ಹಂಚುತ್ತಿದ್ದೆ. ಓಣಿಯ ಬೆಕ್ಕುಗಳೆಲ್ಲ ನಮ್ಮ ಮೆಟ್ಟಿಲಿಗೇ ವಾಸಕ್ಕೆ ಬಂದವು.

ವನಜಾ ಅಡುಗೆಮನೆಯಲ್ಲಿ ನಿಂತು ಹಾಡಿಕೊಳ್ಳತೊಡಗಿದಳು. ಎಕ್ಸಾಸ್ಟ್ ಫ್ಯಾನಿನ ಸದ್ದೇ ಅವಳ ಶ್ರುತಿ. ಹೊರಗೆ ಹಿರಿಯರು ಕೂತಿದ್ದಾರೆ ಅಂತ ದನಿ ಅಡಗಿಸಿ, ಗೊಣಗುವ ಹಾಗೆ. ಮೈಸೂರಿನಿಂದ ಅವಳ ಮೇಡಂ ವಿಡಿಯೋದಲ್ಲಿ, "ಏನಮ್ಮ, ಗಂಟಲಲ್ಲೇ ನುಂಗ್ತಿದ್ದೀಯಲ್ಲ, ತಾರಸ್ಥಾಯಿಗೆ ಹೋಗೇ ಇಲ್ಲ ನೀನು" ಅಂತ ರೇಗುವುದು ನನಗೂ ಕೇಳುತ್ತಿತ್ತು. ವನಜಾ ನನ್ನ ಹತ್ತಿರ ಬಂದು, "ಒಂದು ಮಾತು ಹೇಳಿ ಅವರಿಗೆ. ಬರೋದೇ ಬೇಡ ಅನ್ನಬೇಡಿ. ನಾಲ್ಕು ದಿನ ನಮಗೆ, ಮೂರು ದಿನ ಅವರಿಗೆ. ನೀವು ಕರೆದಿದ್ದು, ನೀವೇ ಹೇಳಬೇಕು" ಅಂದಳು. "ಹೇಳ್ತೀನಿ, ಈ ಶುಕ್ರವಾರ ಖಂಡಿತ" ಅಂದೆ.

ಆ ಶುಕ್ರವಾರ ಹೋಗಿ ಎದುರಿಗೆ ಕೂತೆ. ಗಂಟಲು ಸರಿಮಾಡಿಕೊಂಡೆ. ಹಾಜಿ ಪ್ರೀತಿಯಿಂದ "ಏನು ಮಗನೇ?" ಅಂದರು. "ಏನಿಲ್ಲ, ಈ ದಿಂಬು ಗಟ್ಟಿಯಾಯಿತೇನೋ ಅಂತ" ಅಂದೆ. ಮಾರನೇ ದಿನ ಹೊಸ ದಿಂಬು ತಂದೆ. ಇನ್ನೊಂದು ತಿಂಗಳು ಬಿಟ್ಟು ಮತ್ತೆ ಹೋದೆ. ಆ ಸಲ ಎ.ಸಿ. ರಿಪೇರಿ ಮಾಡಿಸಿಕೊಟ್ಟು ಬಂದೆ. ಮೂರನೇ ಸಲ ನಾನು ಎದ್ದಾಗ ವನಜಾ ಅಡುಗೆಮನೆಯಿಂದಲೇ, "ಇವತ್ತು ಅವರಿಗೆ ಮಂಚ ತಂದುಕೊಡ್ತೀರಾ?" ಅಂದಳು. ನಾನು ಹೋಗಲಿಲ್ಲ.

ನಿಜವಾಗಿ ನಾಚಿಕೆಯಾಗಬೇಕಾದ ಮಾತು ಇನ್ನು ಬರುತ್ತದೆ. ಏಳನೇ ತಿಂಗಳಲ್ಲಿ ಎರಡು ದಿನ ಹಾಜಿ ಬರಲೇ ಇಲ್ಲ. ಅವರಿಲ್ಲ ಅಂತ ಮಿಕ್ಕವರೂ ಬರಲಿಲ್ಲ. ಎರಡನೇ ದಿನ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದರೆ ಮೇಲೆ ತೆರೆದಿದ್ದ ಬಾಗಿಲಿನಿಂದ ವನಜಾಳ ದನಿ ಕೇಳಿತು. ತೋಡಿ ರಾಗ. ಮದುವೆಗೆ ಮುಂಚೆ ಕೇಳಿದ್ದೆನಲ್ಲ, ಅದೇ ದನಿ, ಸ್ವಲ್ಪ ದಪ್ಪಗಾಗಿತ್ತು, ಅಷ್ಟೆ. ನಾನು ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಹಾಗಿದ್ದವನು ಸುಮ್ಮನೆ ಮೇಲೆ ಹೋಗಿ ಒಂದು ಮೂಲೆಯಲ್ಲಿ ಕೂರಬಾರದಿತ್ತೇ? ಎರಡು ದಿನದಿಂದ ಹಿರಿಯರು ಬಂದಿಲ್ಲ, ವಿಚಾರಿಸದಿದ್ದರೆ ಏನಂದುಕೊಳ್ಳುತ್ತಾರೋ ಅಂತ ವಾಪಸು ಇಳಿದು ಅವರ ಮಗಳ ಮನೆ ಬಾಗಿಲು ತಟ್ಟಿದೆ. "ಹಾಜಿ, ನೀವಿಲ್ಲದೆ ಮನೆ ಬಿಕೋ ಅನ್ನುತ್ತಿದೆ" ಅಂದೆ. ಅವರು ಕಾಲು ಚಾಚಿಕೊಂಡು ಕೂತಿದ್ದರು. "ಇನ್ಶಾ ಅಲ್ಲಾ, ನಾಳೆ ಬರ್ತೀನಿ" ಅಂದರು. ಮಾರನೇ ದಿನ ಬಂದರು. ನಾನು ಹೋಗಿ ಕರೆದೆ ಅಂತ ವನಜಾಳಿಗೆ ಅವರ ಬಾಯಿಂದಲೇ ಗೊತ್ತಾಯಿತು. ಅವತ್ತಿನಿಂದ ಅವಳು ಆ ವಿಷಯ ಎತ್ತುವುದನ್ನೇ ಬಿಟ್ಟಳು. ಪರವಾಗಿಲ್ಲ, ಹೊಂದಿಕೊಂಡಳು ಅಂತ ನಾನು ನೆಮ್ಮದಿಯಾಗಿದ್ದೆ. ನನ್ನಂಥ ದಡ್ಡ ಇನ್ನೊಬ್ಬ ಇರಲಾರ.

ಒಂಬತ್ತನೇ ತಿಂಗಳಲ್ಲಿ ಒಂದು ದಿನ ಊಟಕ್ಕೆ ಕೂತಾಗ, "ಪರೀಕ್ಷೆಗೆ ಅರ್ಜಿ ಹಾಕಿದ್ಯಾ?" ಅಂತ ಕೇಳಿದೆ. "ಕೊನೇ ದಿನ ಮೊನ್ನೆ ಮುಗೀತು" ಅಂದಳು. "ಅಯ್ಯೋ, ಯಾಕೆ ಹಾಕಲಿಲ್ಲ?" "ಪಲ್ಲವಿ ಒಂದು ದಿನಾನಾದರೂ ಬಾಯಿ ಬಿಟ್ಟು ಹಾಡಿದ್ದೀನಾ ನಾನು? ಯಾವ ಮುಖ ಇಟ್ಕೊಂಡು ಹೋಗಿ ಕೂತ್ಕೊಳ್ಳಲಿ?" ಅಂದು ಸಾರು ಬಡಿಸಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಹೇಳಬಹುದಿತ್ತು.

ಮಾರನೇ ಮಧ್ಯಾಹ್ನ ಅವಳೇ ಮಜ್ಲಿಸ್ಸಿಗೆ ಹೋದಳು. ರಜೆ ಇದ್ದದ್ದರಿಂದ ನಾನು ಒಳಬಾಗಿಲ ಹತ್ತಿರವೇ ಇದ್ದೆ. ಅವಳು ತನಗೆ ಬರುವ ಹಿಂದಿಯಲ್ಲಿ, "ಬಾಬಾ, ನಾನು ಸಂಗೀತ ಕಲೀತಿದ್ದೀನಿ. ಈ ಹೊತ್ತಿನಲ್ಲಿ ನನಗೆ ಈ ಕೋಣೆ ಬೇಕು" ಅಂದಳು. ಅಷ್ಟೇ. ಹಿಂದೆ ಒಂದು 'ದಯವಿಟ್ಟು' ಇಲ್ಲ, ಮುಂದೆ ಒಂದು 'ತಪ್ಪು ತಿಳೀಬೇಡಿ' ಇಲ್ಲ. ಹಾಜಿ ಅವಳ ಮುಖ ನೋಡಿದರು. ಆಮೇಲೆ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಹಮ್ದುಲಿಲ್ಲಾ! ಮಗಳೇ, ನನ್ನ ಮಂಡಿ ಸವೆದುಹೋಗಿದೆ. ಇಪ್ಪತ್ತೆರಡು ಮೆಟ್ಟಿಲು ದಿನಾ ಹತ್ತಬಾರದು ಅಂತ ಡಾಕ್ಟರ್ ಹೇಳಿ ಆರು ತಿಂಗಳಾಯಿತು. ನಿನ್ನ ಗಂಡ ಇಷ್ಟು ಪ್ರೀತಿಯಿಂದ ಕರೆದಿದ್ದಾನೆ, ಬರದಿದ್ದರೆ ನೊಂದುಕೊಳ್ಳುತ್ತಾನೆ ಅಂತ ಬರ್ತಿದ್ದೆ. ಎರಡು ದಿನ ತಪ್ಪಿಸಿದ್ದಕ್ಕೆ ಮನೆಗೇ ಬಂದುಬಿಟ್ಟನಲ್ಲ! ಖಲಾಸ್, ಕೋಣೆ ನಿನ್ನದು" ಅಂದು ಗೋಡೆ ಹಿಡಿದು ಎದ್ದರು. ಜೊತೆಯವರೂ "ಯಲ್ಲಾ, ಯಲ್ಲಾ" ಅನ್ನುತ್ತ ಎದ್ದರು. ಎಲ್ಲ ಸೇರಿ ಎರಡು ನಿಮಿಷ ಹಿಡಿಯಿತೋ ಇಲ್ಲವೋ.

"ಇಷ್ಟು ಸುಲಭ ಅಂತಿದ್ದರೆ ನೀನೇ ಮೊದಲೇ ಹೇಳಬಹುದಿತ್ತಲ್ಲ ವನಜಾ" ಅಂದೆ. ಅನ್ನಬಾರದಿತ್ತು. ಅವಳು ದಿಂಬುಗಳನ್ನು ಗೋಡೆಗೆ ಒರಗಿಸುತ್ತ, "ನೀವು ಹೇಳ್ತೀರಿ ಅಂತ ನಂಬಿಕೊಂಡಿದ್ದೆ" ಅಂದಳು.

ಮೊನ್ನೆ ನಾವಿಬ್ಬರೂ ತರಕಾರಿ ತರುತ್ತಿದ್ದಾಗ ಕೆಳಗಿನ ಓಣಿಯಲ್ಲಿ ಹಾಜಿ ಸಿಕ್ಕಿದರು. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು, ಸ್ನೇಹಿತರೂ ಇದ್ದರು. ನನ್ನ ಕೈ ಹಿಡಿದು ಅವರಿಗೆಲ್ಲ ಹೇಳಿದರು: "ಇವನು ಎಷ್ಟು ಸೂಕ್ಷ್ಮದ ಮನುಷ್ಯ ಗೊತ್ತಾ? ನನ್ನ ಮಂಡಿ ನೋವು ಇವನಿಗೆ ತಿಳಿದುಹೋಗಿತ್ತು. ತಾನು ಹೇಳಿದರೆ ನಾನು ನೊಂದುಕೊಳ್ಳುತ್ತೇನೆ ಅಂತ ಹೆಂಡತಿಯ ಕೈಲಿ ಹೇಳಿಸಿದ. ಹೌದು ತಾನೇ, ಮಗನೇ?" ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವನಜಾ ಈರುಳ್ಳಿ ಚೀಲ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಹಲ್ಲು ಕಿರಿದು, "ಹೌದು ಹಾಜಿ, ಹಾಗೇ ಅಂದುಕೊಳ್ಳಿ" ಅಂದೆ. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು. ಹಿರಿಯರು ನಾಲ್ಕು ಜನರ ಮುಂದೆ ಆಡಿದ ಮಾತನ್ನು ಅಲ್ಲ ಅನ್ನುವುದು ಹೇಗೆ, ನೀನೇ ಹೇಳು ಅಂತ ಅವಳಿಗೆ ವಿವರಿಸೋಣ ಅಂತ ಏದುಸಿರು ಬಿಡುತ್ತ ಮೇಲೆ ಬಂದೆ. ಮುಂದಿನ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದರೆ ಹಾಡಿಗೆ ತೊಂದರೆಯಾಗುತ್ತದಲ್ಲ ಅಂತ ಈರುಳ್ಳಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಬೆಕ್ಕುಗಳ ನಡುವೆ ಕೂತೆ. ಗೋಡೆ ದಪ್ಪ, ಹಾಡುತ್ತಿದ್ದಾಳೋ ಅಳುತ್ತಿದ್ದಾಳೋ ಹೊರಗೆ ಒಂದೂ ಕೇಳಿಸಲಿಲ್ಲ.