ಕಂಬದ ಬುಡದ ನಾಗಪ್ಪ

ನನಗೆ ಮಾತಾಡುವುದೆಂದರೆ ಮೊದಲಿನಿಂದಲೂ ಭಯ. ಕೂಲಿಮಠದಲ್ಲಿ ಉತ್ತರ ಗೊತ್ತಿದ್ದರೂ ಹೇಳದೆ ಪೆಟ್ಟು ತಿಂದವಳು ನಾನು. ಹಾಗಾಗಿ ಮಕ್ಕಳೇ, ಪವಾಡಗಳ ಬಗ್ಗೆ ನನಗಿದ್ದ ಅನುಮಾನಗಳೆಲ್ಲ ಹೊಟ್ಟೆಯೊಳಗೇ ಉಳಿದವು. ನನ್ನ ತವರಿನ ಮಾರಮ್ಮನ ಕಲ್ಲು ಮಳೆಗೆ ಮುಂಚೆ ಬೆವರುತ್ತಿತ್ತು. ಊರಿಗೆ ಊರೇ ಅಡ್ಡಬೀಳುತ್ತಿತ್ತು. ಅದೇ ದಿನ ನಮ್ಮ ಉಪ್ಪಿನ ಮಡಕೆಯೂ ಬೆವರುತ್ತಿತ್ತು. ಅದಕ್ಕೆ ಮಾತ್ರ ಯಾರೂ ಮಂಗಳಾರತಿ ಎತ್ತಲಿಲ್ಲ. ಯಾಕೆಂದು ಕೇಳಲು ಒಮ್ಮೆ ಬಾಯಿ ತೆರೆದೆ. ಆಕಳಿಸಿದಂತೆ ಮಾಡಿ ಮುಚ್ಚಿಕೊಂಡೆ.

ಕಂಪಲಾಪುರದ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಪವಾಡ ಮನೆಯೊಳಗೇ ನಡೆಯಿತು. ನಡುಮನೆಯಲ್ಲಿ ಅಟ್ಟ ಹೊತ್ತಿದ್ದ ಮರದ ಕಂಬದ ಬುಡದಲ್ಲಿ ಕೆಮ್ಮಣ್ಣು ಎದ್ದಿತ್ತು. ಗೆದ್ದಲೆಂದು ಪೊರಕೆ ತಂದೆ.

"ಮುಟ್ಬ್ಯಾಡ ಕಣಮ್ಮಿ!" ಅತ್ತೆ ಕೂಗಿದರು. "ಹುತ್ತ ಕಣೆ ಅದು. ಮನೆ ಹುಡಿಕ್ಕಂಡು ನಾಗಪ್ಪ ಬಂದವ್ನೆ."

ಪಕ್ಕದ ಮನೆಯ ಪುಟ್ಟವ್ವ ಓಡಿಬಂದು ಕೈಮುಗಿದಳು. "ನಿಮ್ ಪುಣ್ಯ ಬುಡಕ್ಕಾ. ನಮ್ಮನೆಗೆ ಬರೀ ಇಲಿ ಬತ್ತವೆ."

ಅಂದಿನಿಂದ ಹುತ್ತಕ್ಕೆ ದಿನವೂ ಹಾಲೆರೆದರು. ತೇವ ಸಿಕ್ಕ ಗೆದ್ದಲು ಹಿಗ್ಗಿತು, ಹುತ್ತ ಬೆಳೆಯಿತು. ಬೆಳೆದದ್ದೇ ಮಹಿಮೆಯಾಗಿ ಇನ್ನಷ್ಟು ಹಾಲು ಬಂತು. ಯಾರೂ ಇಲ್ಲದಾಗ ಕಂಬವನ್ನು ಬೆರಳಿನಿಂದ ಬಡಿದು ನೋಡಿದೆ. ಖಾಲಿ ಸೋರೆಬುರುಡೆಯ ಸದ್ದು! ಮೇಲೆ ಅಟ್ಟದ ತುಂಬ ಹುರುಳಿ ಮೂಟೆಗಳು. ಕೆಳಗೆ, ಅದೇ ಕಂಬಕ್ಕೆ ಒರಗಿ, ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುವ ಅತ್ತೆ. ಕುಟ್ಟಿದಾಗೆಲ್ಲ ಅವರ ತಲೆಯ ಮೇಲೆ ಮರದ ಹುಡಿ ಉದುರುತ್ತಿತ್ತು.

"ನೋಡು, ನಾಗಪ್ಪ ಪ್ರಸಾದ ಉದುರುಸ್ತಾವ್ನೆ," ಎಂದು ಅವರು ಅದನ್ನು ಹಣೆಗೆ ಹಚ್ಚಿಕೊಳ್ಳುತ್ತಿದ್ದರು.

ನನಗೆ ಊಟ ಸೇರದು. ಮುದ್ದೆ ಮುರಿಯುವಾಗಲೂ ಕಣ್ಣು ಅಟ್ಟದ ಮೇಲೆ. ಎತ್ತಿಗೆ ಹುಲ್ಲು ಹಾಕುತ್ತಿದ್ದ ನಿಮ್ಮ ತಾತನ ಬಳಿ ಹೋಗಿ ಪಿಸುಗುಟ್ಟಿದೆ. "ನಂಗೂ ಗೊತ್ತು ಕಣಮ್ಮಿ, ಗೆದ್ಲೇಯ," ಎಂದರು. "ಅವ್ವಂಗೆ ಯೋಳೋರ್ಯಾರು? ನೀನೇ ಯೋಳು." ಹುಲಿಯಂಥ ಗಂಡಸು, ಎತ್ತಿನ ಹಿಂದೆ ಮರೆಯಾದರು.

ಅತ್ತೆಯ ಮುಂದೆ ನಿಂತೆ. ಗೆದ್ದಲು ಎನ್ನಲು ಹೋದ ನಾಲಿಗೆ ಹೆದರಿ ಬೇರೆ ದಾರಿ ಹಿಡಿಯಿತು.

"ಅತ್ತೆಮ್ಮ, ದೇವ್ರಿಗೆ ಬೆನ್ನು ಕೊಟ್ಟು ಕುಂತ್ಕಬೋದಾ?"

ಅತ್ತೆ ಕೆಂಡ ತುಳಿದವರಂತೆ ಎದ್ದರು. "ಅಯ್ಯೋ, ನನ್ ಬುದ್ಧಿಗಿಷ್ಟು!" ಎಂದು ಕೆನ್ನೆ ಬಡಿದುಕೊಂಡು, ಕುಟ್ಟಾಣಿ ಎತ್ತಿಕೊಂಡು ಜಗಲಿಗೆ ಹೋದರು. ಮತ್ತೆ ಆ ಕಂಬಕ್ಕೆ ಒರಗಲಿಲ್ಲ.

ಅದೇ ತಿಂಗಳು, ಒಂದು ಮಧ್ಯಾಹ್ನ, ಕಂಬ ಮುರಿದು ಅಟ್ಟ ಕುಸಿಯಿತು. ಹುರುಳಿ ಮೂಟೆಗಳು ಅತ್ತೆ ಕೂರುತ್ತಿದ್ದ ಜಾಗಕ್ಕೇ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಈಗಲಾದರೂ ಗೆದ್ದಲಿನ ವಿಷಯ ಎಲ್ಲರಿಗೂ ತಿಳಿಯಿತು ಎಂದುಕೊಂಡೆ.

ಸದ್ದಿಗೆ ಓಡಿಬಂದ ಹೆಂಗಸರಿಗೆ ಅತ್ತೆ ನನ್ನನ್ನು ತೋರಿಸಿದರು. "ಅವತ್ತು ನನ್ನ ಎಬ್ಸಿದೋಳು ನನ್ ಸೊಸೆ ಅಲ್ಲ ಕಣ್ರವ್ವಾ! ಅವಳ ಬಾಯಲ್ಲಿ ನಾಗಪ್ಪನೇ ನುಡ್ದ!"

ಪುಟ್ಟವ್ವ ನನ್ನ ಕಾಲಿಗೇ ಬಿದ್ದಳು. "ನಮ್ಮೆಮ್ಮೆ ಯಾವಾಗ ಈಯ್ತದೆ ಯೋಳವ್ವಾ?" ಬೇಡವೆಂದು ತಲೆಯಾಡಿಸಿದೆ. ತಲೆಯಾಡಿಸಿದ್ದನ್ನು ದೇವರು ಮೈದುಂಬುವುದು ಎಂದರು. ಸುಮ್ಮನಾದೆ. ಮೌನವ್ರತ ಹಿಡಿದಿದ್ದಾಳೆ ಎಂದರು.

ಅದು ಗೆದ್ದಲು ಮಕ್ಕಳೇ, ಬರಿಯ ಗೆದ್ದಲು. ಇಷ್ಟು ವರ್ಷದ ಮೇಲೆ ಧೈರ್ಯವಾಗಿ ಬರೆದಿದ್ದೇನೆ. ಆದರೆ ಇದನ್ನು ಹೊಲದ ಹುತ್ತದ ಹತ್ತಿರ ಕುಳಿತು ಗಟ್ಟಿಯಾಗಿ ಮಾತ್ರ ಓದಬೇಡಿ.